ನಿದ್ರೆ ಬಾರದವನು ತಪ್ಪಿತಸ್ಥನೇ?

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆ ಸುಳ್ಳಲ್ಲ. ಆದರೆ ಅದನ್ನು ತಿರುವಿ ಹಾಕಿ, ನಿದ್ರೆ ಬಾರದವನ ಮನಸ್ಸಿನಲ್ಲಿ ಏನೋ ದೋಷವಿರಲೇಬೇಕೆಂದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಈ ತೀರ್ಮಾನ ನ್ಯಾಯವಾದುದೇ? ವಾಚಕರಾದ ತಾವು ನಮ್ಮೊಡನೆ ಕ್ಷಣಕಾಲ ವಿಚಾರ ಮಾಡಬೇಕು.

ಅಂತಹ ತೀರ್ಮಾನವನ್ನು ಒಮ್ಮೆ ನಾವೇ ಕೊಟ್ಟಿದ್ದೆವು. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ, ಶಿಕ್ಷಕರಾಗಿ ನಿವೃತ್ತರಾದ ಹಿರಿಯರೊಬ್ಬರು ದರ್ಶನಕ್ಕೆ ಬಂದು, "ಬುದ್ಧಿ, ಆರು ತಿಂಗಳಿಂದ ಸರಿಯಾಗಿ ನಿದ್ರೆಯಿಲ್ಲ" ಎಂದು ಬಿನ್ನವಿಸಿದರು. "ಮನಸ್ಸು ನಿರ್ಮಲವಾಗಿದ್ದರೆ ನಿದ್ರೆ ತಾನಾಗಿ ಬರುವುದು, ಪೂಜೆಯಲ್ಲಿ ಇನ್ನಷ್ಟು ಹೊತ್ತು ಕುಳಿತುಕೊಳ್ಳಿ" ಎಂದೆವು. ಅವರು "ಅಪ್ಪಣೆ ಬುದ್ಧಿ" ಎಂದು ತಲೆಬಾಗಿ ಹೊರಟುಹೋದರು. ಅವರ ಪತ್ನಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾರೆಂದೂ, ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಇವರು ರಾತ್ರಿಯೆಲ್ಲ ಏಳುತ್ತಾರೆಂದೂ ನಮಗೆ ಅನಂತರ ತಿಳಿಯಿತು. ಪೂಜೆಗೆ ಸಮನಾದ ಕಾಯಕವನ್ನು ಮಾಡುತ್ತಿದ್ದವರಿಗೆ ನಾವು ಮನೋನೈರ್ಮಲ್ಯದ ಪಾಠ ಹೇಳಿದ್ದೆವು. ಆ ರಾತ್ರಿ ನಿದ್ರೆ ಬಾರದೆ ಹೊರಳಾಡಿದವರು ನಾವು.

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರಪರ್ವವೆಂಬ ಒಂದು ಭಾಗವಿದೆ. ಪ್ರಜಾಗರವೆಂದರೆ ನಿದ್ರೆಯಿಲ್ಲದಿರುವುದು. ಪಾಂಡವರ ಬಳಿಯಿಂದ ಹಿಂದಿರುಗಿದ ಸಂಜಯನು ಅವರ ಮಾತನ್ನು ನಾಳೆ ಸಭೆಯಲ್ಲಿ ತಿಳಿಸುವೆನೆಂದು ಹೇಳಿ ಹೋದಾಗ, ಕಳವಳಗೊಂಡ ಧೃತರಾಷ್ಟ್ರನು ವಿದುರನನ್ನು ಕರೆಸುತ್ತಾನೆ. ಎಂಥವರಿಗೆ ನಿದ್ರೆ ಬಾರದೆಂಬುದನ್ನು ವಿದುರನು ಆಗ ಎಣಿಸುತ್ತಾನೆ: ಬಲಿಷ್ಠನ ದಾಳಿಗೆ ಸಿಕ್ಕ ಸಾಧನಹೀನ ದುರ್ಬಲ, ಸ್ವತ್ತು ಅಪಹರಿಸಲ್ಪಟ್ಟವನು, ಕಾಮಿ, ಕಳ್ಳ. ಕಳ್ಳನೂ ಕಳೆದುಕೊಂಡವನೂ ಒಂದೇ ಸಾಲಿನಲ್ಲಿರುವುದನ್ನು ಗಮನಿಸಿರಿ. ಎಚ್ಚರವಾಗಿರುವ ಕಣ್ಣನ್ನು ಮಾತ್ರ ನೋಡಿ, ಇವನು ಕದ್ದವನೋ ಕಳೆದುಕೊಂಡವನೋ ಎಂದು ಹೇಳಲಾಗದು. ಅನ್ಯಾಯ ಮಾಡಿಯೂ ಸುಖವಾಗಿ ಗೊರಕೆ ಹೊಡೆಯುವವರನ್ನು ತಾವೂ ಬಲ್ಲಿರಿ.

ಹಾಗಾದರೆ ಮನಸ್ಸಿಗೂ ನಿದ್ರೆಗೂ ಸಂಬಂಧವಿಲ್ಲವೇ? ಖಂಡಿತವಾಗಿ ಇದೆ. ಶಿವರಾತ್ರಿಯ ಜಾಗರಣೆಯನ್ನು ನೆನೆದುಕೊಳ್ಳಿರಿ. ಎಚ್ಚರವಾಗಿರಲೇಬೇಕೆಂದು ಹಟ ಹಿಡಿದವನ ರೆಪ್ಪೆಗಳು ಮೂರನೆಯ ಯಾಮಕ್ಕೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಅವನೇ ಮತ್ತೊಂದು ರಾತ್ರಿ, ಮಲಗಲೇಬೇಕೆಂದು ಹಟ ಹಿಡಿದು ಗಡಿಯಾರ ನೋಡುತ್ತ ಹೊರಳಾಡುತ್ತಾನೆ. 'ನಿದ್ದೆ ಮಾಡಿದೆ' ಎಂದು ಬೆಳಿಗ್ಗೆ ಎದ್ದ ಮೇಲೆ ಹೇಳಬಹುದು. ರಾತ್ರಿಯ ಮಟ್ಟಿಗೆ ಅದು 'ಬರುವ' ವಸ್ತುವೇ ಹೊರತು 'ಮಾಡುವ' ವಸ್ತುವಲ್ಲ. ಬರುವ ಅತಿಥಿಗಾಗಿ ಹಾಸಿಗೆ ಹಾಸಿಡಬಹುದು, ಕೈಹಿಡಿದು ಎಳೆತರಲಾಗದು.

ಮನೆಮದ್ದುಗಳು ಹೀಗೆ ಹಾಸಿಗೆ ಹಾಸಿಡುವ ಕೆಲಸ ಮಾಡುತ್ತವೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಉಪಸ್ತಂಭಗಳೆಂದು ಕರೆದ ಚರಕಸಂಹಿತೆಯು, ನಿದ್ರೆ ಕೆಟ್ಟವರಿಗೆ ಅಭ್ಯಂಗ, ಸ್ನಾನ, ಹಾಲು, ಹಿತವಾದ ಗಂಧ ಹಾಗೂ ಶಬ್ದಗಳನ್ನು ಸೂಚಿಸಿದೆ. ಎಮ್ಮೆಯ ಹಾಲನ್ನು ವಿಶೇಷವಾಗಿ ಹೇಳಿದೆ. ನಮ್ಮ ತಾಯಂದಿರು ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು, ಗಸಗಸೆ ಪಾಯಸ ಮಾಡುತ್ತಿದ್ದರು, ಬಿಸಿ ಹಾಲಿಗೆ ಚಿಟಿಕೆಯಷ್ಟು ಜಾಜಿಕಾಯಿ ತೇಯ್ದು ಹಾಕುತ್ತಿದ್ದರು. ಜಾಜಿಕಾಯಿ ಮಿತಿ ಮೀರಿದರೆ ವಿಷವಾದೀತು, ಎಚ್ಚರವಿರಲಿ. ಕುಡಿದ ಕಾಫಿಯ ಸತ್ತ್ವ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕಾಗುವುದರಿಂದ ಸಂಜೆಯ ಲೋಟವನ್ನು ಬಿಡುವುದು ಲೇಸು. ಮೊಬೈಲನ್ನು ಹಾಸಿಗೆಯಿಂದ ದೂರವಿಡಿರಿ. ಸುಮಾರು 20 ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮರಳಿರಿ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ವೇಳೆಗೆ ಏಳಿರಿ. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂತಹ ಅಭ್ಯಾಸಗಳನ್ನೂ ಆಲೋಚನೆಗಳನ್ನೂ ತಿದ್ದುವ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಸ್ಥೆಯೊಂದು 2016ರಲ್ಲಿ ಸಲಹೆ ನೀಡಿತು. ವಾರದಲ್ಲಿ 3 ರಾತ್ರಿಯಂತೆ 3 ತಿಂಗಳು ಕಷ್ಟ ಮುಂದುವರಿದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ.

ಆದರೆ ಆ ಶಿಕ್ಷಕರಿಗೆ ಇವುಗಳಲ್ಲಿ ಯಾವುದು ತಾನೇ ನಾಟೀತು? ಮರುವಾರ ಅವರ ಮನೆಗೆ ಹೋಗಿ, ನಮ್ಮ ಮಾತಿಗೆ ಕ್ಷಮೆ ಕೇಳಿದೆವು. ಅವರು ಗಾಬರಿಯಿಂದ ಕೈಮುಗಿದರು. ಸಂಗತಿ ತಿಳಿದ ಆ ಬೀದಿಯ ಅಕ್ಕನ ಬಳಗದ ತಾಯಂದಿರು, ವಾರಕ್ಕೆ ಮೂರು ರಾತ್ರಿ ಇಬ್ಬಿಬ್ಬರಂತೆ ಸರದಿಯಲ್ಲಿ ರೋಗಿಯ ಬಳಿ ಇರಲು ಮುಂದಾದರು. ಮೊದಲ ರಾತ್ರಿ ಅಭ್ಯಾಸಬಲದಿಂದ ಅವರಿಗೆ ಎರಡು ಗಂಟೆಗೊಮ್ಮೆ ಎಚ್ಚರವಾಯಿತಂತೆ. ಎರಡನೆಯ ವಾರ ಬೆಳಗಿನವರೆಗೆ ಮಲಗಿದರು.

ನಿದ್ರೆ ಒಬ್ಬೊಬ್ಬರ ಸ್ವಂತ ವಿಷಯವೆಂದು ನಾವು ತಿಳಿದಿದ್ದೇವೆ. ಅದು ನೆರೆಹೊರೆಯ ಕೈಯಲ್ಲಿಯೂ ಇದೆ. ನಿದ್ರೆಯು ಬದುಕುವ ಹಕ್ಕಿನ ಭಾಗವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿತು. ಜಾತ್ರೆಯ ಭಕ್ತಿಗೀತೆಯಾದರೂ ಸರಿಯೇ, ಸರಿರಾತ್ರಿಯ ಧ್ವನಿವರ್ಧಕದಿಂದ ರೋಗಿಯ ಕಣ್ಣು ತೆರೆಯಿಸಿದರೆ ಅದು ಪುಣ್ಯವಾಗದು. ಆದುದರಿಂದ ನಮ್ಮ ವಿನಂತಿಯಿಷ್ಟೆ: ಯಾರಾದರೂ ತಮ್ಮೆದುರು ನಿದ್ರೆ ಬರುತ್ತಿಲ್ಲವೆಂದಾಗ ಗಾದೆ ಹೇಳಬೇಡಿರಿ, ಮದ್ದನ್ನೂ ಆಮೇಲೆ ಹೇಳಿರಿ. ಮೊದಲು, "ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ?" ಎಂದು ಕೇಳಿರಿ.