ಗಾಯಕ್ಕೆ ಇಟ್ಟ ಹೆಸರು

ಖಾನಾಪುರ ಸೀಮೆಯ ನಮ್ಮ ಊರಿನಲ್ಲಿ ಹೋರಿಗಳಿಗೆ ಹೆಸರಿರುತ್ತಿರಲಿಲ್ಲ, ಎತ್ತುಗಳಿಗೆ ಇರುತ್ತಿತ್ತು. ಈ ಸಣ್ಣ ಸಂಗತಿ ಎಷ್ಟೋ ವರ್ಷ ನನ್ನೊಳಗೆ ಸುಮ್ಮನೆ ಮಲಗಿತ್ತು. ಈಚೆಗೆ ಒಂದು ಇಂಗ್ಲಿಷ್ ಪದ ಅದನ್ನು ಎಬ್ಬಿಸಿ ಕೂರಿಸಿದೆ.

ಅದೊಂದು ಚಳಿಗಾಲದ ಮುಂಜಾನೆ. ಮನೆಯಲ್ಲೇ ಹುಟ್ಟಿ ಬೆಳೆದ ಹೋರಿಯನ್ನು ಹಗ್ಗ ಸುತ್ತಿ ಕೆಡವಿದರು. ನಾಲ್ಕು ಮಂದಿ ಕಾಲು ಹಿಡಿದರು, ಒಬ್ಬ ಕೊರಳ ಮೇಲೆ ಮೊಣಕಾಲೂರಿದ. ಬೀಜ ಒಡೆಯಲು ಬಂದವನು ಎರಡು ಕಟ್ಟಿಗೆಗಳ ನಡುವೆ ಅದರ ನರ ಸಿಕ್ಕಿಸಿದ. ನಾನು ಕಣ್ಣು ಮುಚ್ಚಿಕೊಂಡೆ; ಕಿವಿ ಮುಚ್ಚಿಕೊಳ್ಳುವುದು ಹೊಳೆಯಲಿಲ್ಲ. ಸಂಜೆ ನೋಡಿದರೆ ಅದು ಹಿಂಗಾಲು ಅಗಲಿಸಿಕೊಂಡು ನಿಂತಿತ್ತು. ಮುಂದೆ ಹಾಕಿದ ಹಸಿಹುಲ್ಲು ಹಾಗೇ ಬಾಡಿತ್ತು. ಅಜ್ಜ ಬಟ್ಟಲಲ್ಲಿ ಅರಿಷಿಣ ಎಣ್ಣೆ ಕಲಸಿ ತಂದು ಸವರಿದ. ಆಮೇಲೆ ಅದರ ಬೆನ್ನ ಮೇಲೆ ಕೈಯಿಟ್ಟು, “ಇನ್ನ ಇದು ಹೋರಿ ಅಲ್ಲೋ ತಮ್ಮಾ, ಎತ್ತಾತು. ಏನಂತ ಕರಿಯೂಣು? ನೀನ ಒಂದ ಹೆಸರ ಹೇಳು” ಅಂದ. ನಾನು ಮಲ್ಲ ಎಂದೆ. ಆ ಹೆಸರು ನಿಂತಿತು.

ಪತ್ರಿಕೆಗಳ ಕುದುರೆ ರೇಸಿನ ಅಂಕಣದಲ್ಲಿ ಓಡುವ ಕುದುರೆಯ ಬಣ್ಣ, ವಯಸ್ಸುಗಳ ಪಕ್ಕ ಕೆಲವೊಮ್ಮೆ ಒಂದೇ ಒಂದು ಅಕ್ಷರ ಇರುತ್ತದೆ: ಜಿ. ಆ ನೆನಪನ್ನು ಎಬ್ಬಿಸಿದ ಗೆಲ್ಡಿಂಗ್ ಎಂಬ ಇಂಗ್ಲಿಷ್ ಪದದ ಮೊದಲಕ್ಷರ ಅದು, ಬೀಜ ಒಡೆದ ಗಂಡು ಕುದುರೆ ಎಂದರ್ಥ. ಈ ಪದ ಇಂಗ್ಲಿಷಿಗೆ ಉತ್ತರದ ನಾರ್ಸ್ ಜನರಿಂದ ಬಂದದ್ದು. ಅವರ ಮಾತಿನ ‘ಗೆಲ್ಡರ್’ ಅದರ ಬೇರು. ಹಾಲು ಕೊಡದ, ಈಯದ ದನಕ್ಕೆ ಹೇಳುತ್ತಿದ್ದ ಮಾತದು. ನಮ್ಮಲ್ಲಿ ಅದಕ್ಕೆ ಸರಿಸಮನಾದ ಪದ ಗೊಡ್ಡು. ಹಾಗಾದರೆ ಗೆಲ್ಡಿಂಗ್ ಎಂದರೆ ಗೊಡ್ಡು ಮಾಡಿದ್ದು. ಒಂದು ಜೀವ ಎಷ್ಟು ಓಡುತ್ತದೆ, ಎಷ್ಟು ಎಳೆಯುತ್ತದೆ, ಯಾರನ್ನು ಹೊತ್ತು ಯಾವ ಯುದ್ಧಕ್ಕೆ ಹೋಗಿ ಬಂತು ಎಂಬುದೊಂದೂ ಆ ಹೆಸರಿನಲ್ಲಿಲ್ಲ. ಅದರಿಂದ ಏನನ್ನು ಕಿತ್ತುಕೊಂಡೆವು ಎಂಬುದಷ್ಟೇ ಇದೆ. ಜರ್ಮನರು ಇದೇ ಕುದುರೆಗೆ ವಲಾಖಿಯಾ ದೇಶದ ಹೆಸರನ್ನೂ ಫ್ರೆಂಚರು ಹಂಗೇರಿಯ ಹೆಸರನ್ನೂ ಅಂಟಿಸಿದರು. ಮಾಡುವ ಕೈ ನಮ್ಮದಾದರೂ ಮಾಡಿದ ಕೆಲಸಕ್ಕೆ ಪರದೇಶದ ಹೆಸರಿಟ್ಟರೆ ಮನಸ್ಸಿಗೆ ತುಸು ಹಗುರವೆನಿಸುತ್ತದೆಯೋ ಏನೋ.

ಪದಗಳು ಕೊಟ್ಟಿಗೆಯಲ್ಲೇ ಉಳಿಯುವುದಿಲ್ಲವಲ್ಲ! 14ನೆಯ ಶತಮಾನದ ಕೊನೆಯಲ್ಲಿ ವಿಕ್ಲಿಫ್‌ನ ಬಳಗ ಬೈಬಲನ್ನು ಇಂಗ್ಲಿಷಿಗೆ ತಂದಾಗ, ಅದರಲ್ಲಿ ಬರುವ, ಇಥಿಯೋಪಿಯಾದ ರಾಣಿಯ ಬೊಕ್ಕಸ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಯನ್ನು ಗೆಲ್ಡಿಂಗ್ ಎಂದೇ ಬರೆಯಿತು. ಅದೇ ಕಾಲದ ಚಾಸರ್ ತನ್ನ ಯಾತ್ರಿಕರ ಗುಂಪಿನಲ್ಲಿದ್ದ ಒಬ್ಬನ ಗಡ್ಡವಿಲ್ಲದ ಮುಖ, ಸಣ್ಣ ದನಿ ಕಂಡು ಇದೇ ಪದ ಬಳಸಿದ. ಶೇಕ್ಸ್‌ಪಿಯರನ ಎರಡನೆಯ ರಿಚರ್ಡ್ ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿ ಕಳೆದುಕೊಂಡವನ ಸ್ಥಿತಿಗೂ ಇದರ ಕ್ರಿಯಾಪದವೇ ಬಂತು. ಜೇನುಗೂಡಿನಿಂದ ತುಪ್ಪದ ಹಲ್ಲೆ ಕೊಯ್ದು ತೆಗೆಯುವುದಕ್ಕೂ ಒಂದು ಕಾಲದಲ್ಲಿ ಹೀಗೇ ಅನ್ನುತ್ತಿದ್ದರು. ಕುದುರೆ, ಮನುಷ್ಯ, ಆಸ್ತಿ, ಜೇನು ಎಲ್ಲವೂ ಒಂದೇ ಕತ್ತಿಯ ಕೆಳಗೆ ಬಂದವು.

ನಮ್ಮ ಗಡಿಯ ಮಾತಿನಲ್ಲಿ ಏನಾಗಿದೆ? ಬೆಳಗಾವಿಯಲ್ಲಿ ಹುಟ್ಟಿದವರಿಗೆ ಎರಡು ನುಡಿಗಳ ಋಣವಿದೆ, ಎರಡನ್ನೂ ಕೇಳಬೇಕು. ಅರಬ್ಬಿಯ ಖಸಿ ಎಂಬ ಪದ ಮರಾಠಿಗೆ ಬಂದು ಖಚ್ಚಿ ಆಯಿತು. ಇವತ್ತು ಮರಾಠಿ ಪತ್ರಿಕೆ ತೆಗೆದರೆ ‘ಖಚ್ಚೀಕರಣ’ ಎಂಬ ಪದ ಕಾಣುತ್ತದೆ. ಅಲ್ಲಿ ಯಾವ ಹೋರಿಯೂ ಇಲ್ಲ. ದುಡಿಯುವವನ ಉಮೇದು ಮುರಿಯುವುದು, ಮನೋಬಲ ಕುಂದಿಸುವುದು ಅದರ ಅರ್ಥ. ಕನ್ನಡದಲ್ಲೂ ಹೋರಿಗೆ ಕಸಿ ಮಾಡಿಸುವುದು ಎನ್ನುವುದುಂಟು. ಆದರೆ ಕಸಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಮೊದಲು ಬರುವುದು ಮಾವಿನ ಗಿಡ. ಒಂದೇ ಉಚ್ಚಾರ, ಒಂದು ಕಡೆ ಕೊಯ್ದು ವಂಶ ನಿಲ್ಲಿಸುತ್ತೇವೆ, ಇನ್ನೊಂದು ಕಡೆ ಕೊಯ್ದು ಕಟ್ಟಿ ಹಣ್ಣು ಬಿಡಿಸುತ್ತೇವೆ. ಕೊಯ್ಯುವ ಕೈಗೆ ಮುಂದೇನು ಮಾಡುತ್ತೇನೆಂಬ ಎಚ್ಚರ ಇರಬೇಡವೇ?

ಮತ್ತೆ ಎತ್ತು. ತಮಿಳಿನ ಎರುದು ಇದರ ಒಡಹುಟ್ಟಿದ್ದು. ಈ ಹೆಸರಿನ ಮೇಲೆ ಗಾಯದ ಗುರುತಿಲ್ಲ. ಅಷ್ಟೇ ಅಲ್ಲ, ನಮ್ಮ ರೈತರು ಅದನ್ನು ಬಸವಣ್ಣ ಎನ್ನುತ್ತಾರೆ. ಬಸವ ಎಂದರೆ ವೃಷಭ, ಬೀಜ ಒಡೆಯದ ಪೂರ್ಣ ಗೂಳಿ. ಬೆಳಗಾವಿಯ ಕಪಿಲೇಶ್ವರಕ್ಕೆ ಹೋದರೆ ಶಿವನೆದುರು ಕೂತಿರುವವನು ಅವನೇ. ಹಿರಿಯರು ನಂದಿಯ ವೃಷಣ ಮುಟ್ಟಿ, ಕೋಡುಗಳ ನಡುವಿನಿಂದ ಲಿಂಗ ನೋಡಿ ಎನ್ನುತ್ತಿದ್ದರಲ್ಲ, ಆ ಪೂರ್ಣತೆಯನ್ನು ಮುಟ್ಟಿಯೇ ದೇವರನ್ನು ಕಾಣಬೇಕಿತ್ತು. ಅದೇ ಹೆಸರನ್ನು ಹೊಲದಲ್ಲಿ, ನಮ್ಮ ಕೈಯಿಂದಲೇ ಆ ಪೂರ್ಣತೆ ಕಳೆದುಕೊಂಡ ಜೀವಕ್ಕೆ ಕೊಟ್ಟಿದ್ದೇವೆ. ಕಿತ್ತುಕೊಂಡದ್ದನ್ನು ಹೆಸರಿನಲ್ಲಾದರೂ ಹಿಂದಿರುಗಿಸುವ ಪ್ರಯತ್ನವೇ ಇದು? ಹಾಗೆ ನಂಬಲು ನನಗೆ ಇಷ್ಟ. ಆದರೂ ಮನಸ್ಸು ಒಂದು ಕಡೆ ತಡೆಯುತ್ತದೆ. ಗೆಲ್ಡಿಂಗ್ ಎಂಬ ಒರಟು ಪದ ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಬಸವಣ್ಣ ಎಂಬ ಮೃದು ಪದ ಮುಚ್ಚಿಡುತ್ತದೆ. ಮಲ್ಲ ಎಂದು ಕೂಗುತ್ತ ಹದಿಮೂರು ವರ್ಷ ನಾನು ಅದರ ಹಿಂದೆ ಓಡಾಡಿದೆ; ಆ ಮುಂಜಾನೆಯ ಸದ್ದನ್ನು ಎಷ್ಟು ಸಲ ನೆನೆದೆ?

ಅದನ್ನು ಮಾಡಲೇಬಾರದಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಮಲಪ್ರಭೆಯ ನೀರುಂಡ ಆ ಭತ್ತದ ಗದ್ದೆಗಳನ್ನು ಉತ್ತವರು ಯಾರು? ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಎಳೆದವರು ಯಾರು? ನೊಗಕ್ಕೆ ಶಾಂತ ಜೋಡಿ ಬೇಕಿತ್ತು. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗ, 1933ರಲ್ಲಿ, ಜಾನುವಾರು ತಳಿ ಸುಧಾರಣೆಗೆ ಕಾನೂನೇ ಬಂತು. ಪರವಾನಗಿ ಸಿಗದ ಹೋರಿಗೆ ಬೀಜ ಒಡೆಸಬೇಕೆಂದು ಸರಕಾರವೇ ಹೇಳಿತು. ಇಟಲಿಯ ಪಶುವೈದ್ಯ ಬರ್ಡಿಜೊ ಮಾಡಿದ ಇಕ್ಕಳ ಬಂದ ಮೇಲೆ ಕಟ್ಟಿಗೆ ಕಲ್ಲುಗಳ ಕಾಲ ಮುಗಿಯಿತು. ಚರ್ಮ ಸೀಳದೆ, ರಕ್ತ ಬರಿಸದೆ ಒಳಗಿನ ನರವನ್ನಷ್ಟೇ ಅದು ಹಿಚುಕುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ನಿಗದಿತ ರೀತಿಯಲ್ಲಿ ಮಾಡಿದ ಈ ಕೆಲಸವನ್ನು ಹಿಂಸೆಯ ಪಟ್ಟಿಯಿಂದ ಹೊರಗಿಟ್ಟಿದೆ. ನೋವು ಕಡಿಮೆಯಾದದ್ದು ನಿಜವಾದ ಪುಣ್ಯ. ಆದರೆ ಕಾಯ್ದೆ ಹೊರಗಿಟ್ಟಿತೆಂದು ನಾವೂ ಮನಸ್ಸಿನಿಂದ ಹೊರಗಿಡಬಹುದೇ?

ನನ್ನನ್ನು ಇದಕ್ಕಿಂತ ಕಾಡುವುದು ಬೇರೆಯದೇ ಇದೆ. ಎತ್ತಿಗೆ ಅಷ್ಟು ಮೃದುವಾದ ನಮ್ಮ ನಾಲಿಗೆ ಮನುಷ್ಯರ ವಿಷಯಕ್ಕೆ ಬಂದಾಗ ಏಕೆ ಕಲ್ಲಾಯಿತು? ಮಕ್ಕಳಾಗದ ಹೆಣ್ಣಿಗೆ ಗೊಡ್ಡು ಎಂದೆವು. ಗಂಡಿಗೆ ಷಂಡ ಎಂದೆವು. ಸಂಸ್ಕೃತ ನಿಘಂಟಿನಲ್ಲಿ ಷಂಡ ಎಂದರೆ ಸ್ವೇಚ್ಛೆಯಾಗಿ ಬಿಟ್ಟ ಗೂಳಿಯೂ ಹೌದು. ನಪುಂಸಕ ಎಂಬ ಅರ್ಥದ ಷಂಢ ಅದರ ನೆರೆಯಲ್ಲೇ ಇದೆ, ನಡುವೆ ಒಂದು ಮಹಾಪ್ರಾಣದ ಅಂತರ. ಜನರ ಬಾಯಲ್ಲಿ ಎರಡೂ ಕಲೆತು ಗೂಳಿ ಸತ್ತು ಬೈಗುಳ ಉಳಿಯಿತು.

ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಒಂದು ಭಾಗವೇ ನಪುಂಸಕರೆನಿಸಿಕೊಂಡ ಮನುಷ್ಯರ ಪಟ್ಟಿ ಮಾಡಿ ಅವರ ಮೇಲೆ ಕಣ್ಣಿಡಲು ಮೀಸಲಾಗಿತ್ತು. ಅವರನ್ನು ಕರೆದದ್ದು ‘ಯೂನಕ್’ ಎಂದು, ಅಂದರೆ ಬೀಜ ಒಡೆದವನು ಎಂದು. ದೇಹಕ್ಕೆ ಯಾವ ಕತ್ತಿಯೂ ತಾಗದವರನ್ನೂ ಆ ಒಂದು ಪದ ನುಂಗಿತು. ಕಾಯ್ದೆ ಹೋದರೂ ಪದ ಹೋಗಲಿಲ್ಲ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಕಲಮು ಅದೇ ಪದವನ್ನು ಹೊತ್ತು ಬಂತು. ಹೈಕೋರ್ಟಿನ ಮೆಟ್ಟಿಲು ಹತ್ತಿ ಹೋರಾಡಿದ ಮೇಲೆ ಆ ಪದ ಅಲ್ಲಿಂದ ಎದ್ದಿತು. ಈ ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ, ತನ್ನ ಲಿಂಗತ್ವ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. ನಮ್ಮದೇ ಜಿಲ್ಲೆಯ ಸವದತ್ತಿ ಗುಡ್ಡದಲ್ಲಿ ಎಲ್ಲಮ್ಮನ ಕೊಡ ಹೊತ್ತು ಕುಣಿಯುವ ಜೋಗಪ್ಪಂದಿರಿಗೆ ಜನ ಕೈಮುಗಿಯುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದೇ ಜನ ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಬಳಸಿದ ಪದಗಳನ್ನೂ ಕೇಳಿದ್ದೇನೆ. ಜೋಗತಿ ಪರಂಪರೆಯ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಹೆಸರಿನ ಹಿಂದೆ ಆ ದಿನ ಪತ್ರಿಕೆಗಳು ಹಾಕಿದ ಪದ ‘ಜಾನಪದ ಕಲಾವಿದೆ’. ಅದನ್ನು ಓದಿ ನಾನು ತುಸು ಹೊತ್ತು ಪತ್ರಿಕೆಯನ್ನು ಮಡಚದೆ ಕೂತಿದ್ದೆ.

ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಬೆಳಗಾವಿಯ ಬಜಾರಿನಲ್ಲಿ ಜೋಡಿ ಜೋಡಿ ಎತ್ತುಗಳು ಕೂರುತ್ತವೆ. ಖಾನಾಪುರದ ಮಣ್ಣು ಹೆಂಚಿಗೆ, ಗಡಿಗೆಗೆ ಹೆಸರಾದದ್ದು. ಅದರ ಜಿಗುಟು ಬೆರಳಿಗೆ ಗೊತ್ತು. ಹೋದ ವರ್ಷ ಒಬ್ಬ ಕುಂಬಾರಜ್ಜಿ ಎತ್ತು ಮಾಡುವುದನ್ನು ಮೊಮ್ಮಗಳ ಜೊತೆ ಕೂತು ನೋಡಿದೆ. ಮೊದಲು ಇಣಿ ಎತ್ತಿದಳು, ಆಮೇಲೆ ಕೋಡು, ಕೊರಳು, ಕಣ್ಣಿಗೆ ಎರಡು ಕಾಳು. ಹೊಟ್ಟೆಯ ಕೆಳಗೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಸಪಾಟು ಮಾಡಿ ಹಲಗೆಯ ಮೇಲಿಟ್ಟಳು.

“ಅಜ್ಜಾ, ಇದು ಗಂಡೋ ಹೆಣ್ಣೋ?” ಎಂದಳು ಮೊಮ್ಮಗಳು.

ನಾನು ಉತ್ತರ ಹುಡುಕುವಷ್ಟರಲ್ಲಿ ಅಜ್ಜಿಯೇ ಹೇಳಿದಳು: “ಬಸವಣ್ಣ ಐತಿ ಬಿಡವಾ. ಬುಡಕ ಕೈ ಹಿಡದ ಒಯ್ಯಿ, ಕಾಲ ಮುರದೀತು.”

ಪೂಜೆಯಾಯಿತು, ಹೋಳಿಗೆಯ ನೈವೇದ್ಯವಾಯಿತು. ಮರುದಿನ ಓಣಿಯ ಹುಡುಗರು ತಮ್ಮ ಎತ್ತುಗಳಲ್ಲಿ ಒಂದರ ಕಾಲನ್ನು ತಾವೇ ಮುರಿದರು. ಅದೀಗ ಕುಂಟೆತ್ತು. ಅದನ್ನು ಹಲಗೆಯ ಮೇಲೆ ಕೂರಿಸಿ ಮನೆಮನೆಯ ಬಾಗಿಲಿಗೆ ಹಾಡಿಕೊಂಡು ಹೊರಟರು, ಮೊಮ್ಮಗಳೂ ಹಿಂದೆ ಓಡಿದಳು. ಪ್ರತಿ ಮನೆಯಿಂದ ಒಬ್ಬರು ಹೊರಗೆ ಬಂದು, ಮುರಿದ ಕಾಲಿನ ಆ ಎತ್ತಿಗೆ ಮೊದಲು ಕೈಮುಗಿದು, ಆಮೇಲೆ ಬೊಗಸೆ ತುಂಬ ಜೋಳ ನೀಡುತ್ತಿದ್ದರು.