ಸೊನ್ನೆ ದಾಟಿದ ಮೇಲೆ ಯಾರ ಮಾತು ಪ್ರಮಾಣ?

ಏಳನೇ ತರಗತಿಯ ಗಣಿತಕ್ಕೆ ಪಾಠಯೋಜನೆ ಬರೆಯುವಾಗ 'ಕಲಿಕಾ ಫಲ' ಎಂಬ ಅಂಕಣ ತುಂಬಬೇಕು. ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದ ಪಟ್ಟಿಯನ್ನು ಅನುಸರಿಸಿ ಅಲ್ಲಿ ಬರೆಯುವುದು ಇಷ್ಟು: ಮಗು ಎರಡು ಪೂರ್ಣಾಂಕಗಳನ್ನು ಗುಣಿಸುತ್ತದೆ, ಭಾಗಿಸುತ್ತದೆ, ದಿನಬಳಕೆಯ ಸನ್ನಿವೇಶವನ್ನು ಸರಳ ಸಮೀಕರಣವಾಗಿ ಬರೆದು ಬಿಡಿಸುತ್ತದೆ. ಇವೆಲ್ಲ ಬೇಕಾದ ಗುರಿಗಳೇ. ಆದರೆ ಮೈನಸ್ ಮೂರನ್ನು ಮೈನಸ್ ಎರಡರಿಂದ ಗುಣಿಸಿ ಆರು ಎಂದು ಬರೆದ ಮಗು ಆ ಆರನ್ನು ಯಾರ ಮಾತಿನ ಮೇಲೆ ನಂಬಿತು? ಇದನ್ನು ಬರೆಯಲು ಆ ಅಂಕಣದಲ್ಲಿ ಜಾಗವಿಲ್ಲ. ನನ್ನ ಮಟ್ಟಿಗೆ ಆ ವರ್ಷದ ಗಣಿತದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲ.

ನಾನು ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಚಿಕ್ಕ ತರಗತಿಗಳಲ್ಲಿ ಮಕ್ಕಳ ಗಣಿತಕ್ಕೆ ಕಣ್ಣೇ ಸಾಕು. ಐದು ಹುಣಸೆ ಬೀಜಕ್ಕೆ ಮೂರು ಸೇರಿಸಿದರೆ ಎಂಟು. ನಂಬಿಕೆ ಬಾರದಿದ್ದರೆ ಎಣಿಸಬಹುದು. ಮುಕ್ಕಾಲು ರೊಟ್ಟಿ ಎಂದರೆ ಮುರಿದು ತೋರಿಸಬಹುದು. ಋಣ ಸಂಖ್ಯೆಗಳು ಬಂದಾಗ ಮೊದಲ ಬಾರಿಗೆ ಕಣ್ಣು ಸಾಲದೆ ಹೋಗುತ್ತದೆ. ಮೈನಸ್ ಮೂರು ಬೀಜಗಳನ್ನು ಕಂಡವರು ಯಾರೂ ಇಲ್ಲ.

ಕೂಡಿಸುವುದಕ್ಕೆ, ಕಳೆಯುವುದಕ್ಕೆ ಸಾಲದ ಲೆಕ್ಕ ಚೆನ್ನಾಗಿ ಒದಗಿಬರುತ್ತದೆ. ಬ್ರಹ್ಮಗುಪ್ತ 628ರಲ್ಲಿ 'ಬ್ರಾಹ್ಮಸ್ಫುಟಸಿದ್ಧಾಂತ' ಬರೆದಾಗ ಧನ, ಋಣ ಎಂದೇ ನಿಯಮ ಹೇಳಿದ. ಕಿರಾಣಿ ಅಂಗಡಿಯ ಉದ್ರಿ ಗೊತ್ತಿಲ್ಲದ ಮಗು ನಮ್ಮ ಕಡೆ ಸಿಗುವುದಿಲ್ಲ. ಕೈಯಲ್ಲಿ ಐವತ್ತು ರೂಪಾಯಿ ಇದೆ, ಉದ್ರಿ ಎಂಬತ್ತು ಎಂದರೆ ಮೈನಸ್ ಮೂವತ್ತು ಎಂದು ಇಡೀ ತರಗತಿ ಒಟ್ಟಿಗೆ ಕೂಗುತ್ತದೆ. ಗುಣಾಕಾರದಲ್ಲಿ ಮಾತ್ರ ತೊಡಕು. "ಸಾಲಕ್ಕ ಸಾಲ ಗುಣಿಸಿದ್ರ ಗಳಿಕಿ ಹೆಂಗ ಆಗ್ತದ್ರಿ, ಟೀಚರ್?" ಎಂದು ಹುಡುಗನೊಬ್ಬ ಕೇಳಿದ. ತೊಗರಿ ಹಾಳಾದ ವರ್ಷ ಮನೆಯ ಸಾಲ ಯಾವ ಕಡೆಗೆ ಬೆಳೆಯುತ್ತದೆಂದು ಕಂಡ ಮಗುವಿನ ಮಾತು ಅದು. ಅವನ ಆಕ್ಷೇಪ ಸರಿ. ಸಾಲದ ಉದಾಹರಣೆಯನ್ನು ಅಲ್ಲಿಗೇ ಬಿಡಬೇಕು, ಇನ್ನೂ ಜಗ್ಗಿದರೆ ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತದೆ.

ಪುಸ್ತಕ ತೋರಿಸುವ ದಾರಿ ಬೇರೆ. ಕಪ್ಪುಹಲಗೆಯ ಮೇಲೆ ಮೈನಸ್ ಮೂರನ್ನು ಎರಡರಿಂದ ಗುಣಿಸಿದೆ: ಮೈನಸ್ ಆರು. ಒಂದರಿಂದ ಗುಣಿಸಿದರೆ ಮೈನಸ್ ಮೂರು. ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಪ್ರತಿ ಸಾಲಿನಲ್ಲೂ ಉತ್ತರ ಮೂರು ಮೂರು ಏರುತ್ತಿದೆ. ಹಾಗಾದರೆ ಮುಂದಿನ ಸಾಲು, ಮೈನಸ್ ಒಂದರಿಂದ ಗುಣಿಸಿದ್ದು, ಮೂರು. ಅದರ ಮುಂದಿನದು ಆರು. ಮಕ್ಕಳು ತಲೆಯಾಡಿಸಿದರು. ಕಿಟಕಿ ಪಕ್ಕದ ಹುಡುಗಿ ಮಾತ್ರ ಆಡಿಸಲಿಲ್ಲ. "ಇಲ್ಲೀತನಕ ಮೂರು ಮೂರು ಏರಿಕೋತ ಬಂದದ, ಖರೆ. ಸೊನ್ನಿ ದಾಟಿದ ಮ್ಯಾಲೂ ಹಂಗೇ ಏರ್ತದ ಅಂತ ಯಾರು ಹೇಳ್ಯಾರ್ರಿ?"

ಇದು ಚಾರ್ವಾಕರ ಪ್ರಶ್ನೆ. ಹೊಗೆ ಕಂಡಲ್ಲೆಲ್ಲ ಇದುವರೆಗೆ ಬೆಂಕಿ ಇತ್ತು, ಆದರೆ ನಾವು ಕಾಣದ ಕಡೆಯೂ ಹಾಗೇ ಇರುತ್ತದೆಂದು ಹೇಗೆ ಗೊತ್ತು ಎಂದು ಅವರು ಅನುಮಾನ ಪ್ರಮಾಣವನ್ನೇ ತಳ್ಳಿಹಾಕಿದರು. ನೈಯಾಯಿಕರು, ಬೌದ್ಧರು, ಜೈನರು, ವೇದಾಂತಿಗಳು ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಶತಮಾನಗಳನ್ನು ಕಳೆದಿದ್ದಾರೆ. ಹನ್ನೆರಡು ವರ್ಷದ ಹುಡುಗಿ ಅದನ್ನು ಕಪ್ಪುಹಲಗೆ ನೋಡುತ್ತ ತಾನಾಗಿಯೇ ಕೇಳಿದಾಗ 'ಪುಸ್ತಕದಲ್ಲಿ ಹಾಗಿದೆ, ಬರೆದುಕೋ' ಎನ್ನುವುದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚದು.

ನಾವು ಹೀಗೆ ಮಾಡೋಣ ಎಂದೆ. ಎರಡಕ್ಕೆ ಮೈನಸ್ ಎರಡು ಕೂಡಿಸಿದರೆ ಸೊನ್ನೆ, ಇದರಲ್ಲಿ ತಕರಾರಿಲ್ಲ. ಸೊನ್ನೆಯನ್ನು ಮೈನಸ್ ಮೂರರಿಂದ ಗುಣಿಸಿದರೂ ಸೊನ್ನೆಯೇ. ಈಗ ಆ ಸೊನ್ನೆಯ ಜಾಗದಲ್ಲಿ ಎರಡು ಕೂಡಿಸು ಮೈನಸ್ ಎರಡು ಎಂದು ಕಂಸದೊಳಗೆ ಬರೆದು, ಆ ಎರಡು ಸಂಖ್ಯೆಗಳನ್ನು ಮೊದಲೇ ಕೂಡಿಸುವ ಬದಲು ಬಿಡಿಬಿಡಿಯಾಗಿ ಗುಣಿಸಿ ಆಮೇಲೆ ಕೂಡಿಸೋಣ. ಧನ ಸಂಖ್ಯೆಗಳಲ್ಲಿ ಹೇಗೆ ಮಾಡಿದರೂ ಒಂದೇ ಉತ್ತರ ಬರುತ್ತದೆಂದು ಐದನೇ ತರಗತಿಯಿಂದ ನೋಡಿದ್ದೀರಿ. ಮೈನಸ್ ಮೂರು ಎರಡಲೆ ಮೈನಸ್ ಆರು. ಇನ್ನುಳಿದದ್ದು ಮೈನಸ್ ಮೂರು ಗುಣಿಸು ಮೈನಸ್ ಎರಡು. ಒಟ್ಟು ಸೊನ್ನೆ ಆಗಬೇಕಾದರೆ ಆ ಜಾಗದಲ್ಲಿ ಏನು ಕೂಡಬೇಕು?

ಅವಳು ಪಾಟಿಯ ಮೇಲೆ ಬರೆದಳು, ಒರೆಸಿದಳು, ಮತ್ತೆ ಬರೆದಳು. "ಆರ ಬಿಟ್ಟು ಬ್ಯಾರೆ ಏನೂ ಕುಂದ್ರಂಗಿಲ್ಲ ಬಿಡ್ರಿ" ಎಂದಳು. ಇದರಲ್ಲೂ ಒಂದು ಒಪ್ಪಿಗೆ ಅಡಗಿದೆ: ಧನ ಸಂಖ್ಯೆಗಳಿಗಿದ್ದ ನಿಯಮ ಸೊನ್ನೆಯ ಆಚೆಗೂ ನಿಲ್ಲಬೇಕು ಎಂಬ ಒಪ್ಪಿಗೆ. ಅದನ್ನೂ ಮುಚ್ಚಿಡದೆ ಹೇಳಿದೆ. ಆ ನಿಯಮ ಉಳಿಸಿಕೊಂಡರೆ ಆರು ಬಂದೇ ಬರಬೇಕು. ಆರು ಬೇಡವೆಂದರೆ ನಿಯಮ ಬಿಡಬೇಕು.

ಹಿಂದಿನ ದೊಡ್ಡ ಗಣಿತಜ್ಞರ ಮಾತಿಗೂ ಇದೇ ಪರೀಕ್ಷೆ. ನಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಜೈನನಾದ ಆತ ಗ್ರಂಥದ ಆರಂಭದಲ್ಲಿ ಜಿನನಿಗೆ ನಮಿಸಿ, ಅರಸನನ್ನು ಹೊಗಳಿ, ಆಮೇಲೆ ಲೆಕ್ಕಕ್ಕೆ ತೊಡಗುತ್ತಾನೆ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಆತ ಹೇಳಿದ್ದು ಶಾಲೆಯಲ್ಲಿ ಕಲಿಯುವ ಸಂಖ್ಯೆಗಳ ಮಟ್ಟಿಗೆ ಇಂದಿಗೂ ಸರಿ. ಅದೇ ಮಹಾವೀರಾಚಾರ್ಯ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದ. ಅದು ತಪ್ಪು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ ಬ್ರಹ್ಮಗುಪ್ತನೂ ಎಡವಿದ್ದ. 1150ರ ಹೊತ್ತಿಗೆ ಭಾಸ್ಕರಾಚಾರ್ಯ ಸೊನ್ನೆಯಲ್ಲದ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವ ಭಾಗಲಬ್ಧವನ್ನು ಅನಂತ ಎಂದು ಕರೆದ. ಇಂದು ನಾವು ಅದೂ ಅಲ್ಲ, ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎನ್ನುತ್ತೇವೆ. ಹಿಂದಿನವರು ಹೇಳಿದರು ಎಂದು ಸುಮ್ಮನಿದ್ದಿದ್ದರೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಇದನ್ನು ಮಕ್ಕಳಿಗೆ ಹೇಳುವಾಗ ಮಹಾವೀರಾಚಾರ್ಯನ ಮೇಲಿನ ನನ್ನ ಗೌರವ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಅದೇ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ, ಟೀಕಾಚಾರ್ಯರೆಂದು ಹೆಸರಾದ, ಮಧ್ವ ಪರಂಪರೆಯ ಜಯತೀರ್ಥರ ವೃಂದಾವನವೆಂದು ಭಕ್ತರು ನಡೆದುಕೊಳ್ಳುವ ಮಠವಿದೆ. ಆರಾಧನೆಗೆ ನಮ್ಮ ಮನೆಯವರೆಲ್ಲ ಹೋಗುತ್ತೇವೆ. ಅವರ 'ಪ್ರಮಾಣಪದ್ಧತಿ' ಇಡಿಯಾಗಿ ಈ ಒಂದೇ ವಿಚಾರಕ್ಕೆ ಮೀಸಲಾದದ್ದು: ನಮಗೆ ತಿಳಿದದ್ದು ನಿಜವೆಂದು ಹೇಗೆ ಗೊತ್ತಾಗುತ್ತದೆ? ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮಧ್ವ ಸಿದ್ಧಾಂತ ಮೂರು ದಾರಿಗಳನ್ನು ಒಪ್ಪುತ್ತದೆ. ಆದರೆ ಮೂರಕ್ಕೂ ಒಂದೇ ಷರತ್ತು, ದೋಷವಿರಬಾರದು. ದೋಷವಿಲ್ಲದ ಶಬ್ದವಷ್ಟೇ ಆಗಮ. ವೇದಕ್ಕೆ ಆ ಸ್ಥಾನ ಕೊಟ್ಟಿದ್ದು ಅದು ಮನುಷ್ಯರ ರಚನೆಯಲ್ಲ ಎಂಬ ಕಾರಣಕ್ಕೆ. ಹಾಗಿದ್ದ ಮೇಲೆ ಮನುಷ್ಯರಾದ ನಾವು ಬರೆದ ಪಠ್ಯಪುಸ್ತಕ, ನಾನು ಹಲಗೆಯ ಮೇಲೆ ಬರೆದ ಸಾಲು ಪರೀಕ್ಷೆಯಿಲ್ಲದೆ ಅಂಥ ಸ್ಥಾನ ಕೇಳುವುದು ಹೇಗೆ? ಜ್ಞಾನವನ್ನೂ ಅದು ಸರಿಯೆಂಬುದನ್ನೂ ಕೊನೆಗೆ ಗ್ರಹಿಸುವುದು ಪ್ರತಿ ಜೀವದೊಳಗಿನ ಸಾಕ್ಷಿ ಎಂದೂ ಮಧ್ವಮತ ಹೇಳುತ್ತದೆ. ಆ ಹುಡುಗಿ 'ಬ್ಯಾರೆ ಏನೂ ಕುಂದ್ರಂಗಿಲ್ಲ' ಎಂದಾಗ ತೀರ್ಪು ಕೊಟ್ಟದ್ದು ಅವಳೊಳಗಿನ ಸಾಕ್ಷಿ, ನಾನಲ್ಲ.

ಪಾಲಕರೊಬ್ಬರು ನನ್ನ ಬಳಿ ಬೇಸರದಿಂದ ಹೇಳಿದ್ದುಂಟು: ಗುರುವಿನ ಮಾತಿಗೇ ಎದುರು ಕೇಳುವುದನ್ನು ಕಲಿಸಿದರೆ ನಾಳೆ ಮಕ್ಕಳಲ್ಲಿ ಶ್ರದ್ಧೆ ಎಲ್ಲಿ ಉಳಿಯುತ್ತದೆ? ಅವರ ಆತಂಕ ಹುಸಿಯಲ್ಲ. ಆದರೆ ಶ್ರದ್ಧೆ ಬೇಕಿರುವುದು ಬೇರೆ ಕಡೆ. ಕಾರಣ ಇದ್ದೇ ಇದೆ, ಈಗ ಹೊಳೆಯದಿದ್ದರೂ ಕುಳಿತು ಯೋಚಿಸಿದರೆ ನನಗೂ ಸಿಗುತ್ತದೆ ಎಂಬ ಭರವಸೆಯಿಲ್ಲದ ಮಗು ಒಂದು ಲೆಕ್ಕವನ್ನೂ ಬಿಡಿಸಲಾರದು. ಅದೇ ಶ್ರದ್ಧೆ. ಹೇಳಿದ್ದನ್ನು ಕಣ್ಣುಮುಚ್ಚಿ ಬರೆದುಕೊಳ್ಳುವುದು ಬರೀ ಅಂಜಿಕೆ.

ಎಲ್ಲವನ್ನೂ ಮಕ್ಕಳು ತಾವೇ ಸಾಧಿಸಬೇಕೆಂದು ನಾನು ಹೇಳುತ್ತಿಲ್ಲ. ಕೂಡಿಸುವ ಮೊದಲು ಗುಣಿಸಬೇಕು, ಸಂಖ್ಯಾರೇಖೆಯಲ್ಲಿ ಋಣ ಸಂಖ್ಯೆಗಳು ಎಡಕ್ಕೆ, ಗೊತ್ತಿಲ್ಲದ್ದಕ್ಕೆ ಎಕ್ಸ್: ಇವು ಜನ ಸೇರಿ ಮಾಡಿಕೊಂಡ ಒಪ್ಪಂದಗಳು. ಇವನ್ನು ಶಬ್ದದಿಂದಲೇ ಕಲಿಯಬೇಕು. ಯಾವುದು ಒಪ್ಪಂದ, ಯಾವುದು ಕಾರಣದಿಂದ ಬಂದದ್ದು ಎಂದು ಬೇರ್ಪಡಿಸಲು ಬಂದರೆ ಅರ್ಧ ಬೀಜಗಣಿತ ಬಂದಂತೆ. ನಾವೋ ಎರಡನ್ನೂ ಒಂದೇ ದನಿಯಲ್ಲಿ ಹೇಳಿಬಿಡುತ್ತೇವೆ. 'ಆಚೆ ಹೋದರೆ ಪ್ಲಸ್ ಮೈನಸ್ ಆಗುತ್ತದೆ' ಎಂಬುದನ್ನು ಮಕ್ಕಳು ಮಂತ್ರದಂತೆ ಒಪ್ಪಿಸುತ್ತಾರೆ. ಎಕ್ಸ್‌ಗೆ ಐದು ಕೂಡಿಸಿದರೆ ಹನ್ನೆರಡು ಎಂದಾಗ ಎರಡೂ ಕಡೆಯಿಂದ ಐದು ಕಳೆದೆವು ಎಂಬುದು ಅವರಿಗೆ ಕಾಣುವುದೇ ಇಲ್ಲ. ಏಳು ಬಂದ ಮೇಲೆ ಅದನ್ನು ಎಕ್ಸ್‌ನ ಜಾಗದಲ್ಲಿಟ್ಟು ತಾಳೆ ನೋಡಲು ಕಲಿತ ಮಗುವಿಗೆ ಉತ್ತರ ಸರಿಯೇ ಎಂದು ತಿಳಿಯಲು ನಾನು ಬೇಕಿಲ್ಲ, ಪುಸ್ತಕದ ಕೊನೆಯ ಪುಟವೂ ಬೇಕಿಲ್ಲ. ಬಡವರ ಮನೆಯ ಮಗುವಿಗೆ ಇದು ಸಣ್ಣ ಸ್ವಾತಂತ್ರ್ಯವಲ್ಲ. ಪಡಿತರದ ತೂಕದಿಂದ ಹಿಡಿದು ಬಡ್ಡಿಯ ಲೆಕ್ಕದವರೆಗೆ ಎದುರಿನವರು ಹೇಳಿದ್ದೇ ಸರಿ ಎಂದು ತಲೆತಗ್ಗಿಸಿದವರ ಮನೆಯಿಂದ ಬಂದ ಮಗು ಅದು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಯೋಚನೆಯನ್ನೇ ಗಣಿತೀಯಗೊಳಿಸುವುದು ಗಣಿತ ಶಿಕ್ಷಣದ ಮುಖ್ಯ ಗುರಿ ಎಂದಿತು. ಮಾತು ದೊಡ್ಡದು, ಒಳ್ಳೆಯದು. ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಇನ್ನೂ ಉತ್ತರವನ್ನಷ್ಟೇ ಕೇಳುತ್ತದೆ.

ಏಳನೇ ತರಗತಿಗೆ ಗಣಿತ ಹೇಳುವ ಶಿಕ್ಷಕ ಬಂಧುಗಳಲ್ಲಿ ನನ್ನ ಕೋರಿಕೆ ಇದು. ಪೂರ್ಣಾಂಕಗಳ ಗುಣಾಕಾರಕ್ಕೆ ಇನ್ನೊಂದು ಪಿರಿಯಡ್ ಕೊಡಿ. ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನಾದರೂ 'ಯಾಕೆ' ಎಂದು ಕೇಳಿ, ಅದಕ್ಕೆ ಅಂಕ ಇಡಿ. ಯಾವ ಮಗುವಾದರೂ ಎದ್ದು ನಿಂತು 'ಯಾರು ಹೇಳ್ಯಾರ್ರಿ' ಎಂದರೆ ದಯವಿಟ್ಟು ಕೂರಿಸಬೇಡಿ, ಅದರ ಕೈಗೆ ಸೀಮೆಸುಣ್ಣ ಕೊಡಿ.