ಕಣ್ಣಿನ ಅಳತೆ ಯಾರ ಸೊತ್ತು?



ನಿಮ್ಮ ಮನೆಯಲ್ಲಿ ಕನ್ನಡಕ ಧರಿಸುವವರು ಒಬ್ಬರಾದರೂ ಇರಬಹುದು. ಎರಡು ವರ್ಷಗಳ ಹಿಂದೆ ಕೊಂಡ ಕನ್ನಡಕದ ಚೌಕಟ್ಟು ಇನ್ನೂ ಗಟ್ಟಿಯಾಗಿದೆ, ಆದರೆ ಕಣ್ಣಿನ ನಂಬರ್ ಬದಲಾಗಿದೆ. ನೀವು ಪರಿಚಯದ ಅಂಗಡಿಗೆ ಹೋಗುತ್ತೀರಿ. ಅಂಗಡಿಯವರು ನಿಮ್ಮನ್ನು ಕೂರಿಸಿ, ಗಾಜಿನ ಮೇಲೆ ಗಾಜು ಬದಲಿಸಿ, ಇದು ಚೆನ್ನಾಗಿದೆಯೇ ಅದು ಚೆನ್ನಾಗಿದೆಯೇ ಎಂದು ಅರ್ಧ ಗಂಟೆ ಕೇಳಿ ನಂಬರ್ ತೆಗೆಯುತ್ತಾರೆ. ಪರೀಕ್ಷೆ ಉಚಿತ. ಅನಂತರ ಅವರು ಹೇಳುವ ಬೆಲೆ ನಿಮಗೆ ಭಾರವೆನಿಸುತ್ತದೆ. ಪಕ್ಕದ ಪಟ್ಟಣದಲ್ಲಿ ಹಳೆಯ ಚೌಕಟ್ಟಿಗೇ ಹೊಸ ಗಾಜು ಕೂರಿಸಿ ಅರ್ಧ ಬೆಲೆಗೆ ಕೊಡುತ್ತಾರೆಂದು ಯಾರೋ ಹೇಳಿದ್ದು ನೆನಪಾಗುತ್ತದೆ. ಚೀಟಿಯನ್ನು ಜೇಬಿಗಿಟ್ಟು ಎದ್ದು ಬರುವುದು ಸರಿಯೇ? ಅದು ಆ ಮನುಷ್ಯನ ಶ್ರಮವನ್ನು ಕದ್ದಂತಾಗುವುದಿಲ್ಲವೇ?

ಇಷ್ಟು ಸಣ್ಣ ವಿಷಯಕ್ಕೂ ಶರೀಅತ್ ಬೇಕೇ ಎಂದು ನಗುವವರಿದ್ದಾರೆ. ಆದರೆ ಬದುಕಿನ ಬಹುಪಾಲು ವ್ಯವಹಾರಗಳು ಇಂಥವೇ. ನಮ್ಮಲ್ಲಿ ಹೆಚ್ಚಿನವರು ಬ್ಯಾಂಕು ದೋಚಲು ಹೋಗುವುದಿಲ್ಲ. ದಾಸರ ಹಕ್ಕುಗಳ ವಿಷಯದಲ್ಲಿ ನಮ್ಮ ಲೆಕ್ಕ ಏರುಪೇರಾಗುವುದು ಹತ್ತು ರೂಪಾಯಿಯ, ಅರ್ಧ ಗಂಟೆಯ ವ್ಯವಹಾರಗಳಲ್ಲಿ. ಇನ್ನೊಂದು ಮಾತೂ ಇದೆ. ದಿನಕ್ಕೆ ಇಷ್ಟು ಬೀಡಿ ಕಟ್ಟಿದರೆ ಮಾತ್ರ ಒಲೆ ಉರಿಯುವ ಮನೆಗಳು ನಮ್ಮ ಕರಾವಳಿಯಲ್ಲಿವೆ. ನಲ್ವತ್ತು ದಾಟಿದ ತಾಯಿಗೆ ಸಮೀಪದ ದೃಷ್ಟಿ ಮಸುಕಾದರೆ ಎಲೆ ಕತ್ತರಿಸುವ ಕೈ ನಿಧಾನವಾಗುತ್ತದೆ, ಸಂಜೆ ಕುರ್‌ಆನ್ ಓದುವುದೂ ಕಷ್ಟವಾಗುತ್ತದೆ. ಅವಳ ಪಾಲಿಗೆ ಒಂದು ಜೊತೆ ಗಾಜಿನ ಬೆಲೆಯಲ್ಲಿ ಆಗುವ ವ್ಯತ್ಯಾಸ ಕೆಲವು ದಿನಗಳ ಅಕ್ಕಿ. ಅವಳಿಗೆ ಚೀಟಿ ಕೊಡದೆ ಕಳುಹಿಸುವುದು ಸಣ್ಣ ವಿಷಯವಲ್ಲ.

ಮೊದಲು ಚೀಟಿಯಲ್ಲಿ ಏನಿರುತ್ತದೆಂದು ನೋಡೋಣ. ಗೋಲ ಶಕ್ತಿ, ವಕ್ರದೃಷ್ಟಿ ಇದ್ದರೆ ಸಿಲಿಂಡರ್ ಶಕ್ತಿ ಮತ್ತು ಅದರ ಕೋನ, ವಯಸ್ಸಾದವರಿಗೆ ಓದಲು ಸೇರಿಸಬೇಕಾದ ಶಕ್ತಿ. ಇವೆಲ್ಲ ಡಯಾಪ್ಟರ್ ಎಂಬ ಮಾನದಲ್ಲಿ, ಸಾಮಾನ್ಯವಾಗಿ 0.25ರ ಹೆಜ್ಜೆಗಳಲ್ಲಿ ಬರೆದಿರುತ್ತವೆ. ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನು ಕೆಲವರು ಬರೆಯುತ್ತಾರೆ, ಕೆಲವರು ಬೇಕೆಂದೇ ಬಿಡುತ್ತಾರೆ. ಅಂದರೆ ಚೀಟಿ ಒಂದು ಅಳತೆ. ದರ್ಜಿ ನಿಮ್ಮ ಭುಜದ ಅಳತೆ ತೆಗೆದಂತೆ. ಭುಜ ನಿಮ್ಮದು, ಟೇಪು ಅವನದು, ಅಳೆಯುವ ವಿದ್ಯೆಯೂ ಅವನದೇ. ಹಾಗಾದರೆ ಅಳತೆ ಯಾರದು?

ಅಳೆದ ಶ್ರಮಕ್ಕೆ ಪ್ರತಿಫಲ ಕೇಳುವ ಹಕ್ಕು ಅಳೆದವನಿಗಿದೆ. ಕೂಲಿಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಬಾಲ್ಯದಿಂದಲೇ ಕೇಳಿದ್ದೇವೆ. ಆದರೆ ಪ್ರತಿಫಲ ಪಡೆದ ಮೇಲೆ, ಅಥವಾ ತಾನೇ ಉಚಿತವೆಂದು ಹೇಳಿದ ಮೇಲೆ, ಅಳತೆಯನ್ನು ತಡೆಹಿಡಿಯುವ ಹಕ್ಕು ಅವನಿಗೆ ಎಲ್ಲಿಂದ ಬಂತು? ಉಚಿತವೆಂದು ಫಲಕ ತೂಗುಹಾಕಿ, ಗಿರಾಕಿ ಎದ್ದು ನಿಂತ ಕೂಡಲೇ ಚೀಟಿಯನ್ನು ಮೇಜಿನ ಖಾನೆಗೆ ತಳ್ಳುವವನು ಉಡುಗೊರೆ ಕೊಟ್ಟು ಹಿಂದಕ್ಕೆ ಪಡೆಯುವವನಂತೆ. ಕೊಟ್ಟದ್ದನ್ನು ಮರಳಿ ಪಡೆಯುವವನನ್ನು ಪ್ರವಾದಿವರ್ಯರು(ಸ) ಎಷ್ಟು ಹೇಸಿಗೆಯ ಹೋಲಿಕೆಯಿಂದ ಖಂಡಿಸಿದ್ದಾರೆಂದು ಹದೀಸ್ ಓದಿದವರಿಗೆ ಗೊತ್ತು.

ಇದಕ್ಕಿಂತಲೂ ಹತ್ತಿರದ ದೃಷ್ಟಾಂತ ಮದೀನಾದ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹೊರಗಿನಿಂದ ಸರಕು ಹೊತ್ತು ಬರುವ ಸವಾರರನ್ನು ಊರ ಹೊರಗೇ ಎದುರುಗೊಂಡು, ಅವರು ಪೇಟೆಯ ಧಾರಣೆ ತಿಳಿಯುವ ಮೊದಲೇ ವ್ಯಾಪಾರ ಮುಗಿಸಿಬಿಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು. ಹಾಗೆ ಮಾರಿದವನು ಅನಂತರ ಪೇಟೆ ತಲುಪಿದರೆ ವ್ಯಾಪಾರವನ್ನು ಮುರಿಯುವ ಅವಕಾಶವನ್ನೂ ಅವನಿಗೆ ಕೊಟ್ಟರು. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಬಲಾತ್ಕಾರವೂ ಇಲ್ಲ. ಒಬ್ಬನಿಗೆ ಧಾರಣೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ, ಗೊತ್ತಾಗದಂತೆ ದಾರಿಯಲ್ಲೇ ತಡೆಯಲಾಗಿದೆ, ಅಷ್ಟೇ. ಚೀಟಿಯನ್ನು ಬಚ್ಚಿಡುವವನೂ ಮಾಡುವುದು ಇದನ್ನೇ. ಚೀಟಿ ಕೈಯಲ್ಲಿದ್ದರೆ ಬಡವನು ನಾಲ್ಕು ಅಂಗಡಿ ವಿಚಾರಿಸಬಲ್ಲ. ಇಲ್ಲದಿದ್ದರೆ ಅವನು ಪೇಟೆಯ ಹೊರಗೇ ನಿಂತ ಸವಾರ. ಅಂಗಡಿಯವನಿಗೆ ಮಾತ್ರ ತಿಳಿಯುವ ಗುಪ್ತ ಚಿಹ್ನೆಗಳಲ್ಲಿ ನಂಬರ್ ಬರೆದುಕೊಡುವ ಜಾಣತನವೂ ಕೆಲವೆಡೆ ಇದೆ. ಅದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ಇದು ನಮ್ಮ ಊರಿನದೊಂದೇ ಸಮಸ್ಯೆಯಲ್ಲ. ಅಮೆರಿಕದಲ್ಲಿ 1978ರಲ್ಲಿ ಇದಕ್ಕೆಂದೇ ನಿಯಮ ಮಾಡಬೇಕಾಯಿತು. ನಂಬರ್ ತೆಗೆದು ಮುಗಿಸಿದ ಕೂಡಲೇ, ಕೇಳಲಿ ಬಿಡಲಿ, ಬೇರೆ ಶುಲ್ಕವಿಲ್ಲದೆ ಚೀಟಿಯ ಪ್ರತಿ ಕೊಡಬೇಕು, ಕನ್ನಡಕ ಕೊಳ್ಳುವ ಷರತ್ತು ಹಾಕಕೂಡದು ಎಂದು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮಗಳು ರೋಗಿಯನ್ನು ಇನ್ನೊಂದೆಡೆಗೆ ಕಳುಹಿಸಿದ್ದಕ್ಕೆ ವೈದ್ಯರು ಕಮಿಷನ್ ಪಡೆಯುವುದನ್ನು ನಿಷೇಧಿಸಿವೆ. ದಾಖಲೆ ಕೇಳಿದ ರೋಗಿಗೆ 72 ಗಂಟೆಗಳೊಳಗೆ ಕೊಡಬೇಕೆಂದೂ ವಿಧಿಸಿವೆ. ಇವು ವೈದ್ಯರಿಗೆ ಅನ್ವಯಿಸುವ ನಿಯಮಗಳು, ಅಂಗಡಿಯವರಿಗಲ್ಲ. ಅಂಗಡಿಯವರ ವಿಷಯದಲ್ಲಿ ಸತ್ಯವಿಶ್ವಾಸಿಗೆ ಅಲ್ಲಾಹನ ಭಯ ಸಾಕಾಗಬೇಕಿತ್ತು.

ಇಲ್ಲಿಯವರೆಗೆ ಓದಿದ ಗಿರಾಕಿಗೆ ಸಂತೋಷವಾಗಿರಬಹುದು. ಈಗ ಅವನ ಸರದಿ.

ಮುತಫ್ಫಿಫೀನ್ ಅಧ್ಯಾಯವನ್ನು ನಾವು ಖುತ್ಬಾಗಳಲ್ಲಿ ಸಾಮಾನ್ಯವಾಗಿ ವ್ಯಾಪಾರಿಯ ಕಡೆಗೆ ಬೆರಳು ತೋರಿಸಿ ವಿವರಿಸುತ್ತೇವೆ. ಆದರೆ ಅಲ್ಲಾಹನು ಅಲ್ಲಿ ಖಂಡಿಸಿದ್ದು ಒಬ್ಬನೇ ಮನುಷ್ಯನ ಎರಡು ಅಳತೆಗಳನ್ನು. ತಾನು ಪಡೆಯುವಾಗ ಪೂರ್ಣವಾಗಿ ಪಡೆಯುತ್ತಾನೆ, ಕೊಡುವಾಗ ಕಡಿಮೆ ಕೊಡುತ್ತಾನೆ. ತಕ್ಕಡಿಯ ಹಿಂದೆ ನಿಂತವನು ಮಾತ್ರ ಇದರಲ್ಲಿ ಬರುತ್ತಾನೆಂದು ಯಾರು ಹೇಳಿದರು? ಬೇರೆ ಅಂಗಡಿಯಲ್ಲಿ ಗಾಜು ಹಾಕಿಸುವುದೆಂದು ಮನೆಯಲ್ಲೇ ನಿರ್ಧರಿಸಿ, ಇಲ್ಲಿ ಬಂದು ಕೊಳ್ಳುವವನಂತೆ ಚೌಕಟ್ಟುಗಳನ್ನು ಮೂಗಿನ ಮೇಲಿಟ್ಟು ನೋಡಿ, ಕನ್ನಡಿಯ ಮುಂದೆ ತಿರುಗಿ, ಒಬ್ಬನ ಅರ್ಧ ಗಂಟೆಯನ್ನೂ ವಿದ್ಯೆಯನ್ನೂ ಪೂರ್ಣವಾಗಿ ಪಡೆದುಕೊಂಡು, 'ಮನೆಯಲ್ಲಿ ಕೇಳಿ ನಾಳೆ ಬರುತ್ತೇನೆ' ಎಂದು ಹೊರಡುವವನೂ ಅಳತೆಯಲ್ಲಿ ಕಡಿಮೆ ಕೊಟ್ಟವನೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಲೋಕದ ಅನುಭವವಿರಬಹುದು, ಮುಸ್ಲಿಮನ ಧರ್ಮವಲ್ಲ.

ಉಚಿತವೆಂದು ಅವನೇ ಫಲಕ ಹಾಕಿದ್ದಾನಲ್ಲ ಎಂದು ನೀವು ಕೇಳಬಹುದು. ನಿಜ, ಫಲಕದ ಮಾತಿಗೆ ಅವನು ಬದ್ಧ. ನೀವು ಹಣ ಕೊಡದೆ ಚೀಟಿ ಪಡೆದು ಹೋದರೆ ಕರ್ಮಶಾಸ್ತ್ರದ ತಕ್ಕಡಿಯಲ್ಲಿ ನೀವು ಸಾಲಗಾರರಾಗುವುದಿಲ್ಲ. ನಾನು ಹೇಳುತ್ತಿರುವುದು ನಟನೆಯ ಬಗ್ಗೆ. ಕೊಳ್ಳುವ ಮನಸ್ಸಿನಿಂದಲೇ ಹೋಗಿ ಬೆಲೆ ಹೊಂದದೆ ಹೊರಬಂದವನಿಗೂ, ಮೊದಲಿನಿಂದಲೇ ನಟಿಸಿದವನಿಗೂ ಹೊರನೋಟಕ್ಕೆ ವ್ಯತ್ಯಾಸವೇ ಇಲ್ಲ. ಇಬ್ಬರ ಕೈಯಲ್ಲೂ ಅದೇ ಚೀಟಿ. ವ್ಯತ್ಯಾಸವಿರುವ ಜಾಗವನ್ನು ಅಂಗಡಿಯವನು ನೋಡಲಾರ. ಕರ್ಮಗಳು ಸಂಕಲ್ಪಕ್ಕೆ ಅನುಗುಣವೆಂಬ ತತ್ವ ಬೇಕಾಗುವುದು ಇಂಥ ಕಡೆಯಲ್ಲೇ.

ಆರ್ಥಿಕವಾಗಿಯೂ ಒಂದು ಮಾತಿದೆ. ಉಚಿತ ಪರೀಕ್ಷೆ ಆಕಾಶದಿಂದ ಇಳಿಯುವುದಿಲ್ಲ. ಉಪಕರಣದ ಬೆಲೆ, ಪರೀಕ್ಷಕನ ಸಂಬಳ, ಅಂಗಡಿಯ ಬಾಡಿಗೆ ಎಲ್ಲವೂ ಗಾಜು ಮತ್ತು ಚೌಕಟ್ಟಿನ ಲಾಭದಿಂದಲೇ ಬರಬೇಕು. ಪರೀಕ್ಷೆ ಇಲ್ಲಿ, ಖರೀದಿ ಅಲ್ಲಿ ಎಂದು ಎಲ್ಲರೂ ಮಾಡಿದರೆ ನಿಮ್ಮ ಪರೀಕ್ಷೆಯ ಖರ್ಚನ್ನು ಕೊನೆಗೆ ಭರಿಸುವವರು ಬೇರೆಡೆ ಹೋಗಲು ಬಸ್ಸಿನ ಹಣವೂ ಇಲ್ಲದ, ಅಲ್ಲೇ ಕೊಳ್ಳುವ ಗಿರಾಕಿಗಳು. ಪಕ್ಕದ ಪಟ್ಟಣದ ಅಗ್ಗದ ಅಂಗಡಿ ಅಗ್ಗವಾಗಿರಲು ಒಂದು ಕಾರಣವೂ ಇದೇ ಇರಬಹುದು. ಅಲ್ಲಿ ಪರೀಕ್ಷಕನೇ ಇಲ್ಲ.

ಇದಕ್ಕೆ ಪರಿಹಾರ ಬಹಳ ಸರಳ, ಎಷ್ಟು ಸರಳವೆಂದರೆ ಹೇಳಲು ನಾಚಿಕೆಯಾಗುತ್ತದೆ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿಬಿಡಿ. 'ನನ್ನ ಚೌಕಟ್ಟು ಚೆನ್ನಾಗಿದೆ, ಗಾಜನ್ನು ಎಲ್ಲಿ ಹಾಕಿಸುತ್ತೇನೆಂದು ತೀರ್ಮಾನಿಸಿಲ್ಲ. ಪರೀಕ್ಷೆಗೆ ಮಾತ್ರ ಎಷ್ಟು ಕೊಡಲಿ?' ಅವರು ಮೊತ್ತ ಹೇಳಿದರೆ ಕೊಡಿ. ಬೇಡವೆಂದರೆ ಅದು ಅವರ ಔದಾರ್ಯ, ದುಆ ಮಾಡಿ. ಅಂಗಡಿಯವರೂ ಹೀಗೆಯೇ ಫಲಕವನ್ನು ಬದಲಿಸಬಹುದು: ಪರೀಕ್ಷೆಗೆ ಇಷ್ಟು, ಇಲ್ಲೇ ಕೊಂಡರೆ ಆ ಮೊತ್ತ ಬಿಲ್ಲಿನಲ್ಲಿ ಕಡಿತ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡ ಪ್ರವಾದಿವರ್ಯರು(ಸ) ಆ ವ್ಯಾಪಾರಿಗೆ ಒದ್ದೆ ಧಾನ್ಯ ಮಾರಬೇಡವೆಂದು ಹೇಳಲಿಲ್ಲ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿದರು. ಷರತ್ತು ಮೇಲೆ ಕಾಣುತ್ತಿದ್ದರೆ ವ್ಯಾಪಾರ ಶುದ್ಧ.

ಗಾಜಿಗೆ ಒಮ್ಮೆ ಆರ್ಡರ್ ಕೊಟ್ಟ ಮೇಲೆ ಮಾತ್ರ ಕಥೆ ಬೇರೆ. ಹೇಳಿ ಮಾಡಿಸುವ ವಸ್ತುವಿನ ಒಪ್ಪಂದವನ್ನು ಕರ್ಮಶಾಸ್ತ್ರದಲ್ಲಿ ಇಸ್ತಿಸ್ನಾ ಎನ್ನುತ್ತಾರೆ. ಅದರಿಂದ ಹಿಂದೆ ಸರಿಯಬಹುದೇ ಎಂಬುದರಲ್ಲಿ ಹನಫೀ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿತ್ತು. 1869 ಮತ್ತು 1876ರ ನಡುವೆ ಉಸ್ಮಾನೀ ಆಡಳಿತ ಸಿದ್ಧಪಡಿಸಿದ ಮಜಲ್ಲಾ ಸಂಹಿತೆಯು ಒಪ್ಪಂದವಾದ ಮೇಲೆ ಇಬ್ಬರೂ ಹಿಂದೆ ಸರಿಯಕೂಡದೆಂದು ಸ್ವೀಕರಿಸಿತು. ಕನ್ನಡಕದ ಗಾಜಿನ ವಿಷಯದಲ್ಲಂತೂ ಇದರ ನ್ಯಾಯ ಯಾರಿಗೂ ಕಾಣುತ್ತದೆ. ನಿಮ್ಮ ನಂಬರಿಗೆ, ನಿಮ್ಮ ಚೌಕಟ್ಟಿನ ಆಕಾರಕ್ಕೆ ಕತ್ತರಿಸಿದ ಗಾಜು ಜಗತ್ತಿನಲ್ಲಿ ಬೇರೆ ಯಾರಿಗೂ ಬೇಡ. ಅದರ ನಡುವೆ ಬಂದು 'ಅದನ್ನು ಬಿಡಿ, ನಾನು ಕಡಿಮೆಗೆ ಕೊಡುತ್ತೇನೆ' ಎನ್ನುವ ಎರಡನೆಯ ಅಂಗಡಿಯವನು ಸಹೋದರನ ವ್ಯಾಪಾರದ ಮೇಲೆ ವ್ಯಾಪಾರ ಮಾಡುವವನು. ಇದೂ ಹದೀಸ್‌ನಲ್ಲಿ ನಿಷಿದ್ಧ.

ಇನ್ನು ಹಳೆಯ ಚೌಕಟ್ಟು. ಅದನ್ನು ಉಳಿಸಿಕೊಳ್ಳುವುದನ್ನು ಜಿಪುಣತನವೆಂದು ನೋಡುವ ಕಾಲ ಇದು. ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದ, ಬಟ್ಟೆಗೆ ತೇಪೆ ಹಾಕುತ್ತಿದ್ದ ಪ್ರವಾದಿವರ್ಯರ(ಸ) ಅನುಯಾಯಿಗಳು, ಗಟ್ಟಿಯಾಗಿರುವ ಚೌಕಟ್ಟನ್ನು ಫ್ಯಾಶನ್ ಹೋಯಿತೆಂದು ಬಿಸಾಡುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಆದರೆ ಹಳೆಯ ಪ್ಲಾಸ್ಟಿಕ್ ಚೌಕಟ್ಟು ಕಾಲಕ್ರಮೇಣ ಪೆಡಸಾಗುತ್ತದೆಂಬುದೂ ಸತ್ಯ. ಗಾಜು ಕೂರಿಸಲು ಬಿಸಿ ಮಾಡಿ ಹಿಗ್ಗಿಸುವಾಗ ಅದು ಸೀಳಬಹುದು. ಲೋಹದ್ದರಲ್ಲಿ ತಿರುಪು ಸವೆದಿರಬಹುದು. ಮುರಿದರೆ ನಷ್ಟ ಯಾರಿಗೆ?

ಈ ಪ್ರಶ್ನೆ ಫುಖಹಾಗಳಿಗೆ ಹೊಸದಲ್ಲ. ಜನರ ಬಟ್ಟೆ ಒಗೆಯುವವನು, ಬಣ್ಣ ಹಾಕುವವನು, ಹೊಲಿಯುವವನು ಇವರೆಲ್ಲರ ಬಗ್ಗೆ ಅವರು ಚರ್ಚಿಸಿದ್ದಾರೆ. ಇಮಾಮ್ ಅಬೂ ಹನೀಫಾರ(ರಹ್) ಪ್ರಕಾರ ಗಿರಾಕಿಯ ವಸ್ತು ಕುಶಲಕರ್ಮಿಯ ಕೈಯಲ್ಲಿ ಅಮಾನತ್. ಅವನ ತಪ್ಪಿಲ್ಲದೆ ಕಳೆದುಹೋದರೆ ಅವನು ಹೊಣೆಯಲ್ಲ. ಅವರ ಇಬ್ಬರು ಶಿಷ್ಯರು, ಬೆಂಕಿಯಂಥ ತಡೆಯಲಾಗದ ಕಾರಣವಿದ್ದರೆ ಮಾತ್ರ ಅವನಿಗೆ ಮುಕ್ತಿ ಎಂದರು. ಕುಶಲಕರ್ಮಿಗಳನ್ನು ಹೊಣೆ ಮಾಡದಿದ್ದರೆ ಜನರ ವ್ಯವಹಾರ ಸರಿಹೋಗದೆಂಬ ಅಭಿಪ್ರಾಯವನ್ನು ಹ. ಅಲಿಯವರಿಗೂ(ರ) ಸೇರಿಸಿ ಹೇಳಲಾಗುತ್ತದೆ. ಅಗಸ ಬಟ್ಟೆ ಬಡಿಯುವಾಗಲೇ ಹರಿದರೆ, ಅಂದರೆ ಅವನ ಕೆಲಸದಿಂದಲೇ ನಷ್ಟವಾದರೆ, ಹನಫೀ ಮದ್‌ಹಬ್ ಅವನನ್ನು ಹೊಣೆ ಮಾಡುತ್ತದೆ. ಇದರ ಜೊತೆಗೆ ಗಿರಾಕಿಯ ಹೊಣೆಯನ್ನೂ ಇಡಿ. ಚೌಕಟ್ಟಿನಲ್ಲಿ ಮೊದಲೇ ಸೀಳು ಇದ್ದು, ಅಂಟು ಹಚ್ಚಿ ಮುಚ್ಚಿ, ಹೇಳದೆ ಕೊಟ್ಟರೆ ಒದ್ದೆ ಧಾನ್ಯವನ್ನು ಕೆಳಗಿಟ್ಟವರು ನೀವೇ. ಮುಂಚಿತವಾಗಿ ತೋರಿಸಿ, ಮುರಿದರೆ ಏನೆಂದು ಮಾತಾಡಿಕೊಳ್ಳಿ, ಸಾಧ್ಯವಾದರೆ ರಶೀದಿಯ ಮೇಲೆ ಬರೆಸಿ. ಸಾಲದ ವಹಿವಾಟನ್ನು ಬರೆದಿಡಲು ಕುರ್‌ಆನ್‌ನಲ್ಲಿ ಒಂದು ಇಡೀ ದೀರ್ಘ ಸೂಕ್ತವೇ ಇರುವ ಸಮುದಾಯ ನಮ್ಮದು, ಆದರೂ ಬರೆಯೋಣವೆಂದರೆ ನಮಗೆ ಅವಮಾನ!

ಕೊನೆಯ ತೊಡಕು, ಪರೀಕ್ಷಿಸಿದವನೊಬ್ಬ, ಗಾಜು ಹಾಕಿದವನಿನ್ನೊಬ್ಬ ಆದಾಗ ಬರುವುದು. ಹೊಸ ಗಾಜು ಹಾಕಿಸಿ ಒಂದು ವಾರವಾದರೂ ತಲೆನೋವು ಹೋಗುವುದಿಲ್ಲ. ಇವನು ಚೀಟಿ ತಪ್ಪೆನ್ನುತ್ತಾನೆ, ಅವನು ಗಾಜು ತಪ್ಪೆನ್ನುತ್ತಾನೆ. ಇಲ್ಲಿ ಊಹೆಯ ಮೇಲೆ ಯಾರನ್ನೂ ದೂರಬೇಡಿ, ಏಕೆಂದರೆ ಇದು ಅಳೆದು ತಿಳಿಯಬಹುದಾದ ವಿಷಯ. ಲೆನ್ಸೋಮೀಟರ್ ಎಂಬ ಉಪಕರಣದಲ್ಲಿ ಗಾಜನ್ನಿಟ್ಟರೆ ಅದರ ಶಕ್ತಿ, ಕೋನ, ಮಧ್ಯಬಿಂದು ಮೂರೂ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತವೆ. ಶಕ್ತಿ ಸರಿಯಿದ್ದೂ ಮಧ್ಯಬಿಂದು ಕಣ್ಣುಪಾಪೆಯ ಎದುರಿಗೆ ಬಾರದಿದ್ದರೆ ತೊಂದರೆಯಾಗುತ್ತದೆ. ಐದು ಡಯಾಪ್ಟರ್ ಗಾಜು ನಾಲ್ಕು ಮಿಲಿಮೀಟರ್ ಸರಿದರೆ ಎರಡು ಪ್ರಿಸಂ ಡಯಾಪ್ಟರ್‌ನಷ್ಟು ಬೆಳಕು ಓರೆಯಾಗುತ್ತದೆ, ಆ ಓರೆಯನ್ನು ಸರಿಪಡಿಸಲು ಕಣ್ಣಿನ ಸ್ನಾಯುಗಳು ದಿನವಿಡೀ ಎಳೆದಾಡುತ್ತವೆ. ಆದ್ದರಿಂದ ಗಾಜು ಹಾಕುವವರಿಂದ ಕಣ್ಣುಪಾಪೆಯ ಅಂತರವನ್ನು ನಿಮ್ಮ ಮುಖದ ಮೇಲೆಯೇ ಅಳೆಯಿಸಿಕೊಳ್ಳಿ. ದೂರಕ್ಕೂ ಓದಿಗೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಆದರೆ, ಆ ಚೌಕಟ್ಟನ್ನು ನೀವು ಧರಿಸಿರುವಾಗಲೇ ಎತ್ತರವನ್ನೂ ಗುರುತು ಮಾಡಬೇಕು.

ಗಾಜು ಚೀಟಿಗೆ ಹೊಂದದಿದ್ದರೆ ಬದಲಿಸಿಕೊಡುವುದು ಎರಡನೆಯವನ ಹೊಣೆ. ಹೊಂದಿದ್ದರೆ ಮೊದಲ ಅಂಗಡಿಗೇ ಹಿಂದಿರುಗಿ, ನಡೆದದ್ದನ್ನು ಹಾಗೆಯೇ ಹೇಳಿ, ಇನ್ನೊಮ್ಮೆ ಪರೀಕ್ಷಿಸಲು ಕೇಳಿ. ಅಂದು ಪರೀಕ್ಷೆಯ ಹಣ ಕೊಟ್ಟು ಬಂದವರಿಗೆ ಆ ಬಾಗಿಲು ದಾಟುವುದು ಕಷ್ಟವಾಗುವುದಿಲ್ಲ.